ಪ್ರೋಗ್ರಾಂ ಓಡಿದರೆ ಸಾಕೇ? ಗಣಕ ವಿಜ್ಞಾನದಲ್ಲಿ ತರ್ಕಶಾಸ್ತ್ರದ ಪಾತ್ರ

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇಂದು ನಮ್ಮ ಅನೇಕ ಮನೆಗಳಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ಮಗನೋ ಮಗಳೋ ಇದ್ದಾರೆ. ಕೆಲವರು ಇಂಜಿನಿಯರಿಂಗ್ ಓದುತ್ತಿದ್ದಾರೆ, ಕೆಲವರು ಬಿ.ಸಿ.ಎ., ಇನ್ನು ಕೆಲವರು ಡಿಪ್ಲೊಮಾ. ಪ್ರಾಯೋಗಿಕ ಪರೀಕ್ಷೆ ಮುಗಿಸಿ ಬಂದವರನ್ನು “ಹೇಗಾಯಿತು?” ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: “ಔಟ್‌ಪುಟ್ ಬಂತು.” ಔಟ್‌ಪುಟ್ ಬಂದರೆ ಅಂಕ ಬಂದಂತೆ. ಅಲ್ಲಿಗೆ ವಿಷಯ ಮುಗಿಯಿತು.

ಪ್ರೋಗ್ರಾಂ ‘ಓಡುತ್ತದೆ’ ಎನ್ನುವುದು ಒಂದು ಮಾತು. ಪ್ರೋಗ್ರಾಂ ‘ಸರಿಯಾಗಿದೆ’ ಎನ್ನುವುದು ಬೇರೆಯೇ ಮಾತು. ಈ ಎರಡು ಮಾತುಗಳ ನಡುವಿನ ಅಂತರವೇ ಇಂದಿನ ನನ್ನ ವಿಷಯ. ಆ ಅಂತರವನ್ನು ತುಂಬಲು ಗಣಕ ವಿಜ್ಞಾನಿಗಳು ತರ್ಕಶಾಸ್ತ್ರದ ಮೊರೆ ಹೋದರು. ಅದು ಹೇಗೆ, ಅದರಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ಸರಳವಾಗಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಒಂದು ಲೆಕ್ಕ. ಎರಡು ಸಂಖ್ಯೆಗಳನ್ನು ಕೂಡಿಸುವ ಪುಟ್ಟ ಪ್ರೋಗ್ರಾಂ ಒಂದಿದೆ ಎನ್ನೋಣ. ಪ್ರತಿ ಸಂಖ್ಯೆಗೂ 32 ಬಿಟ್‌ಗಳ ಜಾಗ. ಎಲ್ಲ ಜೋಡಿಗಳನ್ನೂ ಕೊಟ್ಟು ಪರೀಕ್ಷಿಸಬೇಕೆಂದರೆ 2ರ 64ನೇ ಘಾತದಷ್ಟು ಜೋಡಿಗಳಾಗುತ್ತವೆ. ಸೆಕೆಂಡಿಗೆ ನೂರು ಕೋಟಿ ಜೋಡಿಗಳನ್ನು ಪರೀಕ್ಷಿಸಿದರೂ ಕೆಲಸ ಮುಗಿಯಲು 580 ವರ್ಷಗಳಿಗಿಂತ ಹೆಚ್ಚು ಕಾಲ ಬೇಕು. ಕೂಡಿಸುವ ಲೆಕ್ಕಕ್ಕೇ ಹೀಗಾದರೆ ಬ್ಯಾಂಕು, ಆಸ್ಪತ್ರೆ, ರೈಲುಗಳ ಪ್ರೋಗ್ರಾಂಗಳ ಗತಿಯೇನು? ನಾವು ಪರೀಕ್ಷಿಸುವುದು ಸಮುದ್ರದ ಒಂದು ಬೊಗಸೆ ನೀರನ್ನು ಮಾತ್ರ. ಪರೀಕ್ಷೆಯಿಂದ ತಪ್ಪು ಇದೆ ಎಂದು ತೋರಿಸಬಹುದು, ತಪ್ಪೇ ಇಲ್ಲ ಎಂದು ತೋರಿಸಲಾಗದು. ನೆದರ್‌ಲೆಂಡ್ಸ್‌ನ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಸುಮಾರು 1970ರ ಹೊತ್ತಿನಿಂದಲೇ ಈ ಮಾತನ್ನು ಒತ್ತಿ ಹೇಳುತ್ತ ಬಂದರು.

ಪರೀಕ್ಷೆಯಲ್ಲಿ ಸಿಗದ ತಪ್ಪಿನ ಬೆಲೆ ಕೆಲವೊಮ್ಮೆ ಮನುಷ್ಯನ ಪ್ರಾಣ. ‘ಥೆರಾಕ್-25’ ಎಂಬುದು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುವ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಈ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ನೀಡಿತು. ಅವರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಅಪಘಾತಗಳಿಗೆ ಕಾರಣವಾದ ತಪ್ಪುಗಳಲ್ಲಿ ಒಂದು ಹೀಗಿತ್ತು: ಯಂತ್ರ ನಡೆಸುವವರು ಪರದೆಯ ಮೇಲೆ ತುಂಬಿದ ವಿವರವನ್ನು ಕೆಲವೇ ಸೆಕೆಂಡುಗಳೊಳಗೆ ತಿದ್ದಿದರೆ, ಯಂತ್ರದ ಒಂದು ಭಾಗಕ್ಕೆ ಆ ತಿದ್ದುಪಡಿ ತಿಳಿಯುತ್ತಲೇ ಇರಲಿಲ್ಲ. ನಿಧಾನವಾಗಿ ಟೈಪ್ ಮಾಡುವವರ ಕೈಯಲ್ಲಿ ತಪ್ಪು ಕಾಣಿಸಿಕೊಳ್ಳಲಿಲ್ಲ. ಕೆಲಸದಲ್ಲಿ ಪಳಗಿ ಬೇಗ ಬೇಗ ಟೈಪ್ ಮಾಡಲು ಕಲಿತವರ ಕೈಯಲ್ಲಿ ಕಾಣಿಸಿಕೊಂಡಿತು. ಹಿಂದಿನ ಮಾದರಿಯಲ್ಲಿ ಅಪಾಯ ತಡೆಯಲು ಇದ್ದ ಯಾಂತ್ರಿಕ ತಡೆಗಳನ್ನು ಈ ಮಾದರಿಯಲ್ಲಿ ತೆಗೆದುಹಾಕಿ, ಎಲ್ಲವನ್ನೂ ಪ್ರೋಗ್ರಾಂ ನೋಡಿಕೊಳ್ಳುತ್ತದೆಂದು ನಂಬಲಾಗಿತ್ತು.

ಹಾಗಾದರೆ ಪರೀಕ್ಷೆಯಲ್ಲದೆ ಬೇರೆ ದಾರಿ ಯಾವುದು? ಆ ದಾರಿ ಹೊಸದಲ್ಲ. ‘ಅಲ್ಗಾರಿದಮ್’ ಎಂಬ ಪದವನ್ನು ನೀವೆಲ್ಲ ಬಲ್ಲಿರಿ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಗಣಿತಜ್ಞ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿಯವರ ಹೆಸರಿನ ಲ್ಯಾಟಿನ್ ರೂಪದಿಂದ ಬಂದ ಪದವದು. ಇಷ್ಟನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅವರು ಏನು ಮಾಡಿದರು ಎಂಬುದನ್ನು ಸ್ವಲ್ಪ ಗಮನಿಸಿ.

ಅವರ ಬೀಜಗಣಿತದ ಗ್ರಂಥದಲ್ಲಿ ಒಂದು ಪ್ರಸಿದ್ಧ ಸಮಸ್ಯೆ ಇದೆ. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯ ಹತ್ತು ಪಟ್ಟನ್ನು ಕೂಡಿಸಿದರೆ 39 ಬರುತ್ತದೆ. ಆ ಸಂಖ್ಯೆ ಯಾವುದು? ವಿಧಾನ ಹೀಗೆ: ಹತ್ತರ ಅರ್ಧ 5. ಅದರ ವರ್ಗ 25. ಅದನ್ನು 39ಕ್ಕೆ ಕೂಡಿಸಿದರೆ 64. ಅದರ ವರ್ಗಮೂಲ 8. ಎಂಟರಿಂದ 5 ಕಳೆದರೆ ಉತ್ತರ 3. ತಾಳೆ ನೋಡಿದರೆ 9 ಮತ್ತು 30 ಸೇರಿ 39, ಸರಿಯಾಗಿದೆ. ಇದು ಪರೀಕ್ಷೆ. ಆದರೆ ಇದರಿಂದ ವಿಧಾನ ಸರಿಯೆಂದು ಗೊತ್ತಾಗುವುದು ಈ ಒಂದು ಸಮಸ್ಯೆಯ ಮಟ್ಟಿಗೆ ಮಾತ್ರ.

ಅಲ್ ಖ್ವಾರಿಝ್ಮಿಯವರು ಅಲ್ಲಿಗೆ ನಿಲ್ಲಲಿಲ್ಲ. ಅವರು ಒಂದು ಚಿತ್ರ ಬರೆದು ತೋರಿಸಿದರು. ಗೊತ್ತಿಲ್ಲದ ಸಂಖ್ಯೆಯನ್ನೇ ಬಾಹುವಾಗಿ ಇಟ್ಟುಕೊಂಡು ಒಂದು ಚೌಕ ಎಳೆಯಿರಿ. ಅದರ ಎರಡು ಪಕ್ಕಗಳಿಗೆ 5ರ ಅಗಲದ ಒಂದೊಂದು ಆಯತ ಸೇರಿಸಿ. ಮೂರೂ ಸೇರಿದ ವಿಸ್ತೀರ್ಣ 39. ಈಗ ಒಂದು ಮೂಲೆ ಮಾತ್ರ ಖಾಲಿ. ಅದರ ವಿಸ್ತೀರ್ಣ 5ರ ವರ್ಗ, ಅಂದರೆ 25. ಅದನ್ನು ತುಂಬಿದರೆ ವಿಸ್ತೀರ್ಣ 64ರ ಪೂರ್ಣ ಚೌಕ. ಅದರ ಬಾಹು 8. ಈ ಚಿತ್ರ ನೋಡಿದವರಿಗೆ ಉತ್ತರ 3 ಎಂಬುದಷ್ಟೇ ಅಲ್ಲ, ಹತ್ತರ ಬದಲು ಇಪ್ಪತ್ತಿದ್ದರೂ 39ರ ಬದಲು ಬೇರೆ ಸಂಖ್ಯೆ ಇದ್ದರೂ ಇದೇ ವಿಧಾನ ಏಕೆ ನಡೆಯುತ್ತದೆ ಎಂಬುದೂ ತಿಳಿಯುತ್ತದೆ. ಇದು ಸಾಧನೆ, ಅಂದರೆ ಪುರಾವೆ. ಅಲ್ಗಾರಿದಮ್‌ಗೆ ಹೆಸರು ಕೊಟ್ಟ ವ್ಯಕ್ತಿ ಹೆಜ್ಜೆಗಳ ಜೊತೆಗೆ ಆ ಹೆಜ್ಜೆಗಳು ಸರಿಯೆಂಬ ಪುರಾವೆಯನ್ನೂ ಕೊಟ್ಟಿದ್ದರು. ನಾವು ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಮರೆತೆವು.

ಕಂಪ್ಯೂಟರಿನ ಕಾಲದಲ್ಲಿ ಇದನ್ನು ಮೊದಲು ನೆನಪಿಸಿದವರಲ್ಲಿ ಒಬ್ಬರು ಅಲನ್ ಟ್ಯೂರಿಂಗ್. 1949ರಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಸಮ್ಮೇಳನದಲ್ಲಿ, ದೊಡ್ಡದೊಂದು ಪ್ರೋಗ್ರಾಂ ಸರಿಯಿದೆಯೆಂದು ತಾಳೆ ನೋಡುವುದು ಹೇಗೆ ಎಂಬ ಬಗ್ಗೆ ಅವರು ಪುಟ್ಟ ಪ್ರಬಂಧ ಓದಿದರು. ಪ್ರೋಗ್ರಾಂನ ನಡುನಡುವೆ ಆಯಾ ಹಂತದಲ್ಲಿ ಯಾವ ಮಾತು ನಿಜವಾಗಿರಬೇಕು ಎಂದು ಬರೆದಿಟ್ಟರೆ, ಆ ಮಾತುಗಳನ್ನು ಒಂದೊಂದಾಗಿ ಪರಿಶೀಲಿಸಿ ಇಡೀ ಪ್ರೋಗ್ರಾಂ ಸರಿಯೆಂದು ಹೇಳಬಹುದು ಎಂಬುದು ಅವರ ಸಲಹೆ. 1967ರಲ್ಲಿ ಅಮೆರಿಕದ ರಾಬರ್ಟ್ ಫ್ಲಾಯ್ಡ್ ಇದೇ ವಿಚಾರವನ್ನು ಕ್ರಮಬದ್ಧಗೊಳಿಸಿದರು. 1969ರಲ್ಲಿ ಬ್ರಿಟನ್ನಿನ ಟೋನಿ ಹೋರ್ ಇದಕ್ಕೊಂದು ತರ್ಕದ ವ್ಯವಸ್ಥೆಯನ್ನೇ ರೂಪಿಸಿದರು. ಹೋರ್ ಅವರು ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಗ್ರೀಕ್, ಲ್ಯಾಟಿನ್ ಹಾಗೂ ತತ್ವಶಾಸ್ತ್ರ ಎಂಬುದನ್ನು ಕಲಾ ವಿಭಾಗದ ವಿದ್ಯಾರ್ಥಿಗಳು ಗಮನಿಸಬೇಕು.

ಹೋರ್ ಅವರ ವ್ಯವಸ್ಥೆಯ ತಿರುಳು ಕರಾರುಪತ್ರದಂತಿದೆ. ಪ್ರೋಗ್ರಾಂನ ಪ್ರತಿ ತುಂಡಿಗೂ ಎರಡು ಮಾತುಗಳಿರುತ್ತವೆ. ಒಂದು ಪೂರ್ವಷರತ್ತು: ಕೆಲಸ ಶುರುವಾಗುವ ಮೊದಲು ಏನು ನಿಜವಾಗಿರಬೇಕು. ಇನ್ನೊಂದು ಉತ್ತರಷರತ್ತು: ಕೆಲಸ ಮುಗಿದ ಮೇಲೆ ಏನು ನಿಜವಾಗಿರುತ್ತದೆ. ‘ನೀವು ಮೊದಲನೆಯದನ್ನು ಪಾಲಿಸಿ, ನಾನು ಎರಡನೆಯದನ್ನು ಪಾಲಿಸುತ್ತೇನೆ’ ಎಂದು ಪ್ರೋಗ್ರಾಂ ಮಾತು ಕೊಡುತ್ತದೆ. ಆ ಮಾತು ಉಳಿಯುತ್ತದೆಯೇ ಎಂದು ತರ್ಕದ ನಿಯಮಗಳಿಂದ ಸಾಬೀತುಪಡಿಸುವುದೇ ನಮ್ಮ ಕೆಲಸ.

ಒಂದು ಉದಾಹರಣೆಯಿಂದ ಇದನ್ನು ನೋಡೋಣ. ನಿಮ್ಮ ಶಾಲೆಯ ರಿಜಿಸ್ಟರಿನಲ್ಲಿ ಸಾವಿರ ದಾಖಲಾತಿ ಸಂಖ್ಯೆಗಳು ಏರಿಕೆಯ ಕ್ರಮದಲ್ಲಿವೆ. ಅದರಲ್ಲಿ ಒಂದನ್ನು ಹುಡುಕಬೇಕು. ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ನೋಡುವ ಬದಲು ನಡುವಿನ ಸಂಖ್ಯೆಯನ್ನು ನೋಡಿ. ಅದು ಬೇಕಾದ ಸಂಖ್ಯೆಗಿಂತ ಚಿಕ್ಕದಾಗಿದ್ದರೆ ಮೇಲಿನ ಅರ್ಧವನ್ನು ಬಿಟ್ಟು ಕೆಳಗಿನ ಅರ್ಧಕ್ಕೆ ಹೋಗಿ. ದೊಡ್ಡದಾಗಿದ್ದರೆ ಇದಕ್ಕೆ ತಿರುಗುಮುರುಗು. ಹೀಗೆ ಹೆಚ್ಚೆಂದರೆ ಹತ್ತು ಬಾರಿ ನೋಡಿದರೆ ಸಾಕು. ಇದನ್ನೇ ‘ಬೈನರಿ ಸರ್ಚ್’ ಎನ್ನುತ್ತಾರೆ. ಹುಡುಕಾಟ ಎಲ್ಲಿಂದ ಎಲ್ಲಿಯವರೆಗೆ ಉಳಿದಿದೆ ಎಂದು ತೋರಿಸಲು ಎರಡು ಗುರುತುಗಳು ಬೇಕು. ಅವುಗಳನ್ನು ಆರಂಭದ ಗಡಿ, ಕೊನೆಯ ಗಡಿ ಎನ್ನೋಣ.

ಈ ಹುಡುಕಾಟ ಮತ್ತೆ ಮತ್ತೆ ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ಗಡಿಗಳು ಬದಲಾಗುತ್ತವೆ. ಆದರೆ ಒಂದು ಮಾತು ಮಾತ್ರ ಬದಲಾಗುವುದಿಲ್ಲ: ‘ಬೇಕಾದ ಸಂಖ್ಯೆ ಪಟ್ಟಿಯಲ್ಲಿ ಇರುವುದೇ ಆದರೆ, ಅದು ಈ ಎರಡು ಗಡಿಗಳ ಒಳಗೇ ಇದೆ.’ ಇಂಥ ಮಾತಿಗೆ ‘ಇನ್ವೇರಿಯಂಟ್’ ಎಂದು ಹೆಸರು. ನಾವು ‘ಅಚಲ ಹೇಳಿಕೆ’ ಎನ್ನೋಣ. ಈಗ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು.

ಮೊದಲನೆಯದು, ಆರಂಭದಲ್ಲಿ ಈ ಹೇಳಿಕೆ ನಿಜವೇ? ಆಗ ಗಡಿಗಳ ಒಳಗೆ ಇಡೀ ಪಟ್ಟಿಯೇ ಇದೆ. ಆದ್ದರಿಂದ ನಿಜ.

ಎರಡನೆಯದು, ಒಂದು ಸುತ್ತು ಮುಗಿದ ಮೇಲೂ ಅದು ನಿಜವಾಗಿ ಉಳಿಯುತ್ತದೆಯೇ? ನಡುವಿನ ಸಂಖ್ಯೆ ಬೇಕಾದದ್ದಕ್ಕಿಂತ ಚಿಕ್ಕದು ಎನ್ನೋಣ. ಪಟ್ಟಿ ಏರಿಕೆಯ ಕ್ರಮದಲ್ಲಿರುವುದರಿಂದ ಅದಕ್ಕಿಂತ ಮೊದಲಿನವೆಲ್ಲ ಇನ್ನೂ ಚಿಕ್ಕವೇ. ಹಾಗಾಗಿ ನಡುವಿನದನ್ನೂ ಸೇರಿಸಿ ಅವನ್ನೆಲ್ಲ ಬಿಟ್ಟರೆ ನಷ್ಟವಿಲ್ಲ. ಪಟ್ಟಿ ಕ್ರಮದಲ್ಲಿರಬೇಕು ಎಂಬ ಪೂರ್ವಷರತ್ತು ಎಲ್ಲಿ ಬೇಕಾಯಿತು ಎಂದು ಇಲ್ಲಿ ಸ್ಪಷ್ಟವಾಗುತ್ತದೆ.

ಮೂರನೆಯದು, ಕೆಲಸ ಎಂದಾದರೂ ಮುಗಿಯುತ್ತದೆಯೇ? ಪ್ರತಿ ಸುತ್ತಿನಲ್ಲೂ ಕನಿಷ್ಠ ಆ ನಡುವಿನ ಸ್ಥಾನ ಹೊರಬೀಳುತ್ತದೆ. ಉಳಿದದ್ದು ಕಡಿಮೆಯಾಗುತ್ತಲೇ ಹೋಗುತ್ತದೆ. ಮುಗಿಯಲೇಬೇಕು. ಎಷ್ಟೋ ವಿದ್ಯಾರ್ಥಿಗಳು ಆರಂಭದ ಗಡಿಯನ್ನು ನಡುವಿನ ಮುಂದಿನ ಸ್ಥಾನಕ್ಕೆ ತರುವ ಬದಲು ನಡುವಿನ ಸ್ಥಾನಕ್ಕೇ ತಂದು ನಿಲ್ಲಿಸುತ್ತಾರೆ. ಆಗ ಐದು ಮತ್ತು ಆರನೇ ಸ್ಥಾನಗಳು ಮಾತ್ರ ಉಳಿದಾಗ ನಡುವಿನದು ಮತ್ತೆ ಐದೇ ಆಗಿ, ಪ್ರೋಗ್ರಾಂ ಗಾಣದ ಎತ್ತಿನಂತೆ ಸುತ್ತುತ್ತಲೇ ಇರಬಹುದು. ಮೂರನೇ ಪ್ರಶ್ನೆ ಕೇಳಿಕೊಂಡವರು ಈ ತಪ್ಪನ್ನು ಕಾಗದದ ಮೇಲೆಯೇ ಹಿಡಿಯುತ್ತಾರೆ.

ನಾಲ್ಕನೆಯದು, ಮುಗಿದಾಗ ಬೇಕಾದ ಉತ್ತರ ಸಿಕ್ಕಿತೇ? ಗಡಿಗಳ ಒಳಗೆ ಏನೂ ಉಳಿಯದಿದ್ದರೆ, ಅಚಲ ಹೇಳಿಕೆಯ ಪ್ರಕಾರ ಆ ಸಂಖ್ಯೆ ಪಟ್ಟಿಯಲ್ಲಿಯೇ ಇಲ್ಲ. ಇಲ್ಲಿಗೆ ಪುರಾವೆ ಪೂರ್ಣ. ನಾವು ಒಂದು ಪಟ್ಟಿಯನ್ನೂ ಪರೀಕ್ಷಿಸಲಿಲ್ಲ, ಆದರೆ ಎಲ್ಲ ಪಟ್ಟಿಗಳ ಬಗ್ಗೆಯೂ ಮಾತಾಡಿದೆವು. ಗಣಿತದಲ್ಲಿ ಅನುಗಮನ ತತ್ವವನ್ನು ಓದಿದವರಿಗೆ ಇದು ಅದರದೇ ಇನ್ನೊಂದು ರೂಪವೆಂದು ಹೊಳೆದಿರಬಹುದು.

ಇದೇ ಪ್ರೋಗ್ರಾಂನ ಮುಂದಿನ ಕಥೆ ಇನ್ನೂ ಮುಖ್ಯ. ಬೈನರಿ ಸರ್ಚ್ ಮೊದಲು ಪ್ರಕಟವಾದದ್ದು 1946ರಲ್ಲಿ. ಎಲ್ಲ ಗಾತ್ರದ ಪಟ್ಟಿಗಳಿಗೂ ಸರಿಹೊಂದುವ ರೂಪ ಅಚ್ಚಾಗಲು 1960ರ ಆಸುಪಾಸಿನವರೆಗೆ ಕಾಯಬೇಕಾಯಿತು. 1986ರಲ್ಲಿ ಜಾನ್ ಬೆಂಟ್ಲಿ ಎಂಬ ವಿಜ್ಞಾನಿ ತಮ್ಮ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಪುಸ್ತಕದಲ್ಲಿ, ನಾವು ಈಗ ನೋಡಿದಂತೆಯೇ, ಅದನ್ನು ಪುರಾವೆಯ ಸಮೇತ ಕೊಟ್ಟರು. ಹೀಗಿದ್ದೂ 2006ರಲ್ಲಿ ಜೋಶುವಾ ಬ್ಲಾಕ್ ಎಂಬ ತಂತ್ರಜ್ಞರು ಒಂದು ಸುದ್ದಿ ಪ್ರಕಟಿಸಿದರು. ಜಾವಾ ಭಾಷೆಯ ಜೊತೆಗೆ ಬರುವ ಬೈನರಿ ಸರ್ಚ್‌ನಲ್ಲಿ ಸುಮಾರು ಒಂಬತ್ತು ವರ್ಷಗಳಿಂದ ಒಂದು ತಪ್ಪು ಅಡಗಿತ್ತು. ಅದನ್ನು ಬರೆದವರು ಬ್ಲಾಕ್ ಅವರೇ. ಬೆಂಟ್ಲಿಯವರ ಪುಸ್ತಕದಲ್ಲೂ ಅದೇ ತಪ್ಪು ಇತ್ತು.

ತಪ್ಪು ಎಲ್ಲಿತ್ತು? ಎರಡು ಗಡಿಗಳನ್ನು ಕೂಡಿಸಿ ಎರಡರಿಂದ ಭಾಗಿಸಿ ನಡುವಿನ ಸ್ಥಾನ ಪಡೆಯುವ ಸಾಲಿನಲ್ಲಿ! ಶಾಲೆಯ ಗಣಿತದಲ್ಲಿ ಅದು ಸರಿಯೇ. ಆದರೆ 32 ಬಿಟ್‌ಗಳಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 214,74,83,647. ಪಟ್ಟಿಯಲ್ಲಿ ನೂರು ಕೋಟಿಗೂ ಹೆಚ್ಚು ಅಂಶಗಳಿದ್ದಾಗ ಎರಡು ಗಡಿಗಳ ಮೊತ್ತ ಈ ಮಿತಿಯನ್ನು ದಾಟಬಹುದು. ದಾಟಿದರೆ ಅದು ಋಣ ಸಂಖ್ಯೆಯಾಗುತ್ತದೆ. ಪರಿಹಾರ ಸುಲಭ: ಗಡಿಗಳ ಅಂತರದ ಅರ್ಧವನ್ನು ಆರಂಭದ ಗಡಿಗೆ ಕೂಡಿಸಿದರಾಯಿತು.

ಹಾಗಾದರೆ ತರ್ಕ ಸೋತಿತೇ? ಇಲ್ಲ. ಪುರಾವೆ ತಾನು ಇಟ್ಟುಕೊಂಡ ನಂಬಿಕೆಗಳ ಮಟ್ಟಿಗೆ ಸರಿಯಾಗಿಯೇ ಇತ್ತು. ಯಂತ್ರದ ಸಂಖ್ಯೆಗಳು ಗಣಿತದ ಸಂಖ್ಯೆಗಳಂತೆ ಎಷ್ಟು ಬೇಕಾದರೂ ಬೆಳೆಯುತ್ತವೆ ಎಂಬ ನಂಬಿಕೆ, ಯಾರೂ ಬರೆದಿಡದೆ ಒಳಗೆ ಸೇರಿಕೊಂಡಿತ್ತು. ಪುರಾವೆಯ ಬಲ ಅದರ ಪೂರ್ವಷರತ್ತಿನಷ್ಟೇ. ಹೇಳದೆ ಬಿಟ್ಟ ಷರತ್ತು ಒಂದು ದಿನ ಲೆಕ್ಕ ಕೇಳುತ್ತದೆ.

ಯುರೋಪಿನ ಏರಿಯಾನ್-5 ರಾಕೆಟ್ಟಿಗೆ ಆದದ್ದೂ ಇದೇ. 1996ರ ಜೂನ್ 4ರಂದು ತನ್ನ ಮೊದಲ ಹಾರಾಟದಲ್ಲೇ ಅದು ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಏರಿಯಾನ್-4ರಲ್ಲಿ ಸರಿಯಾಗಿ ನಡೆದಿದ್ದ ಪ್ರೋಗ್ರಾಂ ತುಂಡನ್ನೇ ಇದರಲ್ಲೂ ಇಟ್ಟಿದ್ದರು. ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆ 32,767ನ್ನು ದಾಟುವುದಿಲ್ಲ ಎಂಬುದು ಹಳೆಯ ರಾಕೆಟ್ಟಿನ ಮಟ್ಟಿಗೆ ನಿಜ. ಹೊಸ ರಾಕೆಟ್ಟಿನ ಹಾರಾಟದ ಪಥವೇ ಬೇರೆ. ಅಲ್ಲಿ ಅದು ಸುಳ್ಳಾಯಿತು.

ಬಿಟ್ಟುಹೋದ ಷರತ್ತನ್ನು ಮನುಷ್ಯನ ಕಣ್ಣು ಗಮನಿಸದೇ ಇರಬಹುದು. ಆದ್ದರಿಂದ ಪುರಾವೆಯ ಪ್ರತಿ ಹೆಜ್ಜೆಯನ್ನೂ ಕಂಪ್ಯೂಟರಿನಿಂದಲೇ ಪರಿಶೀಲಿಸುವ ಸಾಧನಗಳು ಬಂದವು. ಇವು ‘ಇದು ಗೊತ್ತೇ ಇದೆಯಲ್ಲ’ ಎಂಬ ಮಾತನ್ನು ಒಪ್ಪುವುದಿಲ್ಲ. 2015ರಲ್ಲಿ ಯುರೋಪಿನ ಸಂಶೋಧಕರು ‘ಕೀ’ ಎಂಬ ಇಂಥ ಸಾಧನದಿಂದ ಜಾವಾದ ‘ಟಿಮ್‌ಸಾರ್ಟ್’ ಎಂಬ ವಿಂಗಡಣೆಯ ಪ್ರೋಗ್ರಾಂ ಸರಿಯೆಂದು ಸಾಬೀತುಪಡಿಸಲು ಹೊರಟರು. ಅದು ಮೂಲತಃ ಪೈಥಾನ್ ಭಾಷೆಗಾಗಿ 2002ರಲ್ಲಿ ಬರೆದದ್ದು. ಆಂಡ್ರಾಯ್ಡ್ ಫೋನುಗಳಲ್ಲೂ ಬಳಕೆಯಲ್ಲಿತ್ತು. ಪುರಾವೆ ಒಂದು ಕಡೆ ಮುಂದುವರಿಯಲಿಲ್ಲ. ಏಕೆಂದು ಹುಡುಕಿದರೆ, ಬರೆದವರು ನಂಬಿದ್ದ ಅಚಲ ಹೇಳಿಕೆಯೇ ಕೆಲವು ಸಂದರ್ಭಗಳಲ್ಲಿ ಮುರಿಯುತ್ತಿತ್ತು. ಕೋಟಿಗಟ್ಟಲೆ ಜನ ಬಳಸುತ್ತಿದ್ದರೂ ಕಾಣದಿದ್ದ ತಪ್ಪು, ಪುರಾವೆ ನಿಂತ ಜಾಗದಲ್ಲಿ ಸಿಕ್ಕಿತು.

ಇದು ಕೇವಲ ಸಂಶೋಧಕರ ಆಸಕ್ತಿಯ ವಿಷಯವಲ್ಲ. 1994ರಲ್ಲಿ ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್ ಕೆಲವು ಭಾಗಾಕಾರಗಳಲ್ಲಿ ತಪ್ಪುವುದು ಬಯಲಾಯಿತು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕಾದಲ್ಲಿ ಅದು 1.33374 ಎನ್ನುತ್ತಿತ್ತು. ಚಿಪ್‌ನ ಒಳಗಿನ ಕೋಷ್ಟಕವೊಂದರಲ್ಲಿ ಐದು ಮನೆಗಳು ಖಾಲಿ ಉಳಿದದ್ದು ಇದಕ್ಕೆ ಕಾರಣ. ಕಂಪನಿಗೆ ಆದ ವೆಚ್ಚ 47.5 ಕೋಟಿ ಡಾಲರ್. ಆ ನಂತರ ಗಣಿತ ಭಾಗದ ಚಿಪ್ ವಿನ್ಯಾಸಗಳನ್ನು ತರ್ಕದಿಂದ ಸಾಬೀತುಪಡಿಸುವ ಕೆಲಸಕ್ಕೆ ಅಲ್ಲಿ ದೊಡ್ಡ ಒತ್ತು ಸಿಕ್ಕಿತು. 1998ರಲ್ಲಿ ಶುರುವಾದ ಪ್ಯಾರಿಸ್ ಮೆಟ್ರೊದ 14ನೇ ಮಾರ್ಗದಲ್ಲಿ ಚಾಲಕರೇ ಇಲ್ಲದೆ ರೈಲುಗಳು ಓಡುತ್ತವೆ. ಅದರ ಸುರಕ್ಷತೆಯ ಪ್ರೋಗ್ರಾಂಗಳನ್ನು ‘ಬಿ’ ಎಂಬ ತಾರ್ಕಿಕ ವಿಧಾನದಲ್ಲಿ ಪುರಾವೆಯ ಸಮೇತ ರಚಿಸಲಾಯಿತು. 2009ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ‘ಎಸ್‌ಇಎಲ್4’ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳು ಭಾಗವನ್ನೇ ಸಾಬೀತುಪಡಿಸಿದರು. ಸುಮಾರು 8,700 ಸಾಲುಗಳ ಪ್ರೋಗ್ರಾಂಗೆ ಬೇಕಾದ ಪುರಾವೆ ಎರಡು ಲಕ್ಷ ಸಾಲುಗಳಷ್ಟು!

ಈ ಕೊನೆಯ ಅಂಕಿ ನೋಡಿದರೆ ಈ ದಾರಿ ಎಷ್ಟು ದುಬಾರಿ ಎಂದು ತಿಳಿಯುತ್ತದೆ. ಎಲ್ಲ ಪ್ರೋಗ್ರಾಂಗಳಿಗೂ ಇಷ್ಟು ಖರ್ಚು ಮಾಡಲಾಗದು. ಯಾವ ಪ್ರೋಗ್ರಾಂ ಕೊಟ್ಟರೂ ಅದು ಮುಗಿಯುತ್ತದೋ ಇಲ್ಲವೋ ಎಂದು ತಾನಾಗಿ ಹೇಳಬಲ್ಲ ವಿಧಾನ ಇರಲು ಸಾಧ್ಯವೇ ಇಲ್ಲ ಎಂಬುದನ್ನು ಟ್ಯೂರಿಂಗ್ 1936ರಲ್ಲೇ ತೋರಿಸಿದ್ದಾರೆ. ಎಲ್ಲಕ್ಕಿಂತ ಮಿಗಿಲಾಗಿ, ತರ್ಕ ಸಾಬೀತುಪಡಿಸುವುದು ನಾವು ಬರೆದ ಷರತ್ತನ್ನು ಮಾತ್ರ. ಷರತ್ತೇ ತಪ್ಪಾಗಿದ್ದರೆ ತಪ್ಪು ಕೆಲಸವನ್ನು ಸರಿಯಾಗಿ ಮಾಡುವ ಪ್ರೋಗ್ರಾಂ ಸಿಗುತ್ತದೆ. ಏನು ಬೇಕು ಎಂದು ನಿರ್ಧರಿಸುವ ಹೊಣೆ ಮನುಷ್ಯನದೇ.

ವಿದ್ಯಾರ್ಥಿ ಮಿತ್ರರೇ, ಈ ಹೊಣೆ ಇಂದು ಇನ್ನೂ ಹೆಚ್ಚಿದೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಕ್ಷಣಾರ್ಧದಲ್ಲಿ ಪುಟಗಟ್ಟಲೆ ಪ್ರೋಗ್ರಾಂ ಬರೆದುಕೊಡುತ್ತಿವೆ. ಅದು ಓಡುತ್ತದೆ, ಔಟ್‌ಪುಟ್ಟೂ ಬರುತ್ತದೆ. ಸರಿಯಿದೆಯೇ ಎಂದು ಹೇಳಬಲ್ಲವರು ಬೇಕಾಗಿದ್ದಾರೆ. ಬರೀ ಬರೆಯಲು ಬಲ್ಲವರಿಗಿಂತ, ಬರೆದದ್ದನ್ನು ತೂಗಿ ನೋಡಬಲ್ಲವರಿಗೆ ಮುಂದೆ ಬೆಲೆ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಅದಕ್ಕಾಗಿ ದೊಡ್ಡ ಸಲಕರಣೆ ಬೇಕಿಲ್ಲ. ಮುಂದಿನ ಬಾರಿ ಪ್ರೋಗ್ರಾಂ ಬರೆಯುವಾಗ ಅದರ ಮೇಲೆ ಮೂರು ಸಾಲು ಬರೆಯಿರಿ. ಇದಕ್ಕೆ ಏನು ಕೊಟ್ಟರೆ ನಡೆಯುತ್ತದೆ? ಇದು ಏನು ಮಾಡಿಕೊಡುತ್ತದೆ? ಸುತ್ತು ಇದ್ದರೆ, ಪ್ರತಿ ಸುತ್ತಿನಲ್ಲೂ ಬದಲಾಗದ ಮಾತು ಯಾವುದು? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಆ ಪ್ರೋಗ್ರಾಂ ನಿಮಗೆ ಇನ್ನೂ ಅರ್ಥವಾಗಿಲ್ಲವೆಂದು ತಿಳಿಯಿರಿ. ಆಸಕ್ತಿ ಬೆಳೆದರೆ ಡ್ಯಾಫ್ನಿ, ಲೀನ್, ಇಸಬೆಲ್ ಮುಂತಾದ ಪುರಾವೆಯ ಸಾಧನಗಳು ಉಚಿತವಾಗಿ ಸಿಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಈ ಕ್ಷೇತ್ರದ ಸಂಶೋಧನೆ ನಡೆಯುತ್ತಿದೆ. ನಮ್ಮ ಮಕ್ಕಳು ಅಲ್ಲಿಯವರೆಗೂ ಹೋಗಬೇಕು.

ಪೋಷಕರಲ್ಲಿ ಒಂದು ವಿನಂತಿ. ಗಣಿತ ಮತ್ತು ತರ್ಕ ಓದುವುದರಿಂದ ಕೆಲಸ ಸಿಗುತ್ತದೆಯೇ ಎಂದು ಮಕ್ಕಳನ್ನು ಹಿಮ್ಮೆಟ್ಟಿಸಬೇಡಿ. ನಾಳೆ ನಿಮ್ಮ ಮಗಳು ಬರೆದ ಪ್ರೋಗ್ರಾಂ ಯಾರದೋ ಪಿಂಚಣಿಯನ್ನು ಲೆಕ್ಕ ಹಾಕುತ್ತದೆ, ಯಾರದೋ ಔಷಧದ ಪ್ರಮಾಣವನ್ನು ನಿರ್ಧರಿಸುತ್ತದೆ. ಅವರು ಆಕೆಯನ್ನು ನೋಡಿರುವುದಿಲ್ಲ, ಹೆಸರನ್ನೂ ಕೇಳಿರುವುದಿಲ್ಲ. ಆದರೂ ಆಕೆಯನ್ನು ನಂಬಿರುತ್ತಾರೆ. ‘ಓಡುತ್ತದೆ’ ಎಂಬಲ್ಲಿಗೆ ನಿಲ್ಲದೆ ‘ಸರಿಯಾಗಿದೆ, ಏಕೆಂದರೆ...’ ಎಂದು ಮುಂದುವರಿಸಬಲ್ಲವರು ಮಾತ್ರ ಆ ನಂಬಿಕೆಗೆ ಅರ್ಹರು.